ಒಂದು ಉಸಿರಿನಷ್ಟು ಜಾಗ

"ತಪ್ಪು ನಮ್ಮದೇ ಸ್ವಾಮಿ," ಎಂದ ಬೀರಪ್ಪ.

ನಾನಿನ್ನೂ ಕುರ್ಚಿಯಲ್ಲಿ ಸರಿಯಾಗಿ ಕೂತಿರಲಿಲ್ಲ. ಛತ್ರಿಯನ್ನು ಗೋಡೆಗೆ ಒರಗಿಸುತ್ತಿದ್ದೆ. ಅಷ್ಟರಲ್ಲೇ ತಪ್ಪೊಪ್ಪಿಗೆ!

ಪೊಲೀಸ್ ಇಲಾಖೆಯಲ್ಲಿ ಸಬ್‌ಇನ್ಸ್‌ಪೆಕ್ಟರಾಗಿ ಸವೆದು ರಿಟೈರಾದವನು ನಾನು. ನಾನು ದನಿ ಏರಿಸುವ ಮೊದಲೇ ತಪ್ಪು ಒಪ್ಪಿಕೊಂಡ ಮನುಷ್ಯನನ್ನು ನನ್ನ ಇಡೀ ಸರ್ವೀಸಿನಲ್ಲಿ ಕಂಡಿರಲಿಲ್ಲ. ಭದ್ರಾವತಿಯ ಈ ಪ್ರೆಸ್ಸಿನ ಮಾಲೀಕ ಬೀರಪ್ಪನೇ ಮೊದಲಿಗ.

"ಯಾವ ತಪ್ಪು?" ಎಂದೆ.

"ಅದೇ ಸ್ವಾಮಿ, ಜಹಾನಾರಮ್ಮನ ಹೇಳಿಕೆಯಾಗೆ ಹೊಸಮನೆ ಒಡೆದು ಹೊಸ ಮನೆ ಆಗೈತಲ್ಲ, ಅದು. ನಮ್ಮ ಅಚ್ಚಿನ ಮೊಳೆ ಜೋಡಿಸೋ ಮುರುಗೇಶ ತಮಿಳಿನೋನು. ಶಿವಮೊಗ್ಗದಾಗೆ ಹೊಸಮನೆ ಅಂತ ಒಂದು ಬಡಾವಣೆ ಐತೆ ಅಂತ ಅವನಿಗೇನು ಗೊತ್ತು? ನಡುವೆ ಜಾಗ ಬಿಟ್ಟವ್ನೆ."

"ಹಾಗಾದರೆ ನಾಳೆ ವಿಚಾರಣೆಗೆ ಬಂದು ಇದನ್ನೇ ಹೇಳು."

"ಅಯ್ಯೋ, ಅದೊಂದು ಆಗಾಕಿಲ್ಲ. ಹೇಳಿದ್ರೆ ಮುಂದೆ ಯಾವ ಆಫೀಸಿನೋರು ನಂಗೆ ಕೆಲಸ ಕೊಡ್ತಾರೆ? ನಿಮ್ಮ ಹತ್ರ ಒಪ್ಕೊಂಡಿದ್ದೀನಲ್ಲ, ಕಾಫಿ ಕುಡ್ಕೊಂಡು ಹೋಗಿ."

ನನಗೆ ಮೈಯೆಲ್ಲ ಉರಿಯಿತು. ಒಳಗೆ ಮಷೀನು ಧಡಬಡ ಎನ್ನುತ್ತಿತ್ತು. ಹೊರಗೆ ಕಬ್ಬಿಣದ ಕಾರ್ಖಾನೆಯ ಸೈರನ್ ಕೂಗಿತು. ಆ ಕಾಲದ ಭದ್ರಾವತಿ ಅಂದರೆ ಆ ಸೈರನ್ನೇ. ಅದು ಕೂಗಿದರೆ ರಸ್ತೆ ತುಂಬ ಸೈಕಲ್ಲು. ತಮಿಳು, ತೆಲುಗು, ಕನ್ನಡ ಮೂರೂ ಒಂದೇ ಬಾಯಲ್ಲಿ. ಕ್ವಾರ್ಟರ್ಸಿನ ಹೆಂಗಸರು ಅದನ್ನು ಕೇಳಿಕೊಂಡೇ ಒಲೆಗೆ ಅನ್ನಕ್ಕಿಡುತ್ತಿದ್ದರು. ಈಗ ಎಲ್ಲರ ಕೈಯಲ್ಲೂ ಗಡಿಯಾರವಿದೆ, ಯಾರ ಹತ್ತಿರವೂ ಹೊತ್ತಿಲ್ಲ. ಇರಲಿ ಬಿಡಿ.

ನಾಳೆ ಮಂಗಳವಾರ ಬೆಳಿಗ್ಗೆ ಚುನಾವಣಾ ಕಚೇರಿಯಲ್ಲಿ ವಿಚಾರಣೆ. ಅಷ್ಟರೊಳಗೆ ನಾನು ಏನಾದರೂ ಹಿಡಿದು ತರದಿದ್ದರೆ ನಮ್ಮ ಹೊಸಮನೆ ವಾರ್ಡಿನ ಉಮೇದುವಾರಳು ಜಹಾನಾರಾಳ ಹೆಸರು ರದ್ದು. ಹೆಸರೊಂದೇ ಹೋದರೆ ಹೋಗಲಿ. ಮನೆ ಕೊಡ್ತೀನಿ ಅಂತ ಆಸೆ ತೋರಿಸಿ ಓಟು ಕೇಳಿದವಳು ಎಂಬ ಮಾತು ಅವಳ ಬೆನ್ನಿಗೆ ಬಿದ್ದು ಜನ್ಮಪೂರ್ತಿ ಬರುತ್ತದೆ.

ಆ ವರ್ಷ ನಮ್ಮ ಶಿವಮೊಗ್ಗದ ಮುನಿಸಿಪಲ್ ಚುನಾವಣೆಗೆ ಕಚೇರಿಯವರು ಒಂದು ಹೊಸ ಏರ್ಪಾಡು ಮಾಡಿದ್ದರು, ಮತದಾರರ ಕೈಪಿಡಿ ಅಂತ. ಪ್ರತಿ ಉಮೇದುವಾರನೂ ತನ್ನ ಬಗ್ಗೆ ಒಂದು ಹೇಳಿಕೆ ಬರೆದುಕೊಡಬೇಕು, ಅದನ್ನು ಅಚ್ಚು ಹಾಕಿಸಿ ಮನೆಮನೆಗೆ ಹಂಚುತ್ತಾರೆ. ಅದಕ್ಕೆ ನಿಯಮಗಳೋ, ಮದುವೆ ಮಾತುಕತೆಯಲ್ಲೂ ಅಷ್ಟಿರುವುದಿಲ್ಲ. ನೂರು ಪದ ಮೀರಕೂಡದು. ಎದುರಾಳಿಯ ಹೆಸರೆತ್ತಕೂಡದು. ಜಾತಿ, ಮತ ಅನ್ನಕೂಡದು. ಓಟಿಗೆ ಬದಲಾಗಿ ಏನನ್ನೂ ಕೊಡುತ್ತೇನೆ ಅನ್ನಕೂಡದು, ಅಂದರೆ ಹೆಸರೇ ರದ್ದು. ಉಮೇದುವಾರನ ಕಡೆಯವರು ಪ್ರೆಸ್ಸಿಗೆ ಹೋಗಿ ಕರಡು ನೋಡಬಹುದು, ತಪ್ಪು ತಿದ್ದಿಸಬಹುದು, ಬೇಡದ ಪದ ತೆಗೆಸಬಹುದು, ಆದರೆ ಹೊಸ ಪದ ಸೇರಿಸುವಂತಿಲ್ಲ. ಕೊನೆಗೆ ಕಚೇರಿಯ ಗುಮಾಸ್ತ ಪದಗಳನ್ನು ಬೆರಳಿಟ್ಟು ಎಣಿಸಿ ಸೈ ಅಂದಮೇಲೆಯೇ ಮಷೀನಿಗೆ.

ಕೈಪಿಡಿಯಲ್ಲಿ ಜಹಾನಾರಾಳ ಹೇಳಿಕೆಯ ಕೊನೆಯ ಸಾಲು ಹೀಗೆ ಅಚ್ಚಾಗಿತ್ತು: 'ತಾಯಂದಿರೇ, ನನ್ನನ್ನು ಗೆಲ್ಲಿಸಿ. ನಲ್ಲಿ ನೀರು, ದೀಪ ಇರುವ ಹೊಸ ಮನೆಯನ್ನು ನಿಮಗೆ ಕೊಡುತ್ತೇನೆ.'

ಅವಳು ಅಂದದ್ದು ಹೊಸಮನೆಯನ್ನು, ಅಂದರೆ ನಮ್ಮ ಬಡಾವಣೆಯನ್ನು. ಅಚ್ಚಾದದ್ದು ಹೊಸ ಮನೆಯನ್ನು. ನಡುವೆ ಚೂರು ಬಿಳಿ ಜಾಗ. ಓದಿದವರಿಗೆ ಬಡಾವಣೆ ಕಾಣಲೇ ಇಲ್ಲ, ಲಂಚ ಕಂಡಿತು.

ದೂರು ಕೊಟ್ಟವರು ಹೊರಗಿನವರಾಗಿದ್ದರೆ ನನಗೆ ಕೆಲಸ ಸುಲಭವಿತ್ತು. ಕೊಟ್ಟವರು ಎದುರಾಳಿ ಉಮೇದುವಾರ ಕೊಟ್ರಬಸಪ್ಪ, ಗಾಂಧಿ ಬಜಾರಿನ ಜವಳಿ ಅಂಗಡಿಯವರು, ನನ್ನ ಹೆಂಡತಿ ಜಗದಾಂಬಾಳ ಒಡಹುಟ್ಟಿದ ಅಣ್ಣ. ನನ್ನ ಕರ್ಮ!

ಅವತ್ತು ಬೆಳಿಗ್ಗೆ ಮೊದಲು ಅವರ ಅಂಗಡಿಗೇ ಹೋಗಿದ್ದೆ.

"ಒಂದು ಚೂರು ಜಾಗಕ್ಕೆ ಇಷ್ಟು ರಂಪ ಮಾಡಬೇಕಾ ಭಾವ?" ಎಂದೆ.

ಅವರು ಗಿರಾಕಿಯ ಮುಂದೆ ಪಂಚೆ ಬಿಡಿಸುತ್ತಲೇ ಉತ್ತರ ಕೊಟ್ಟರು. "ನಿಯಮ ಅಂದ್ರೆ ನಿಯಮ ಶಿವಯೋಗಪ್ಪನೋರೆ. ಪೊಲೀಸಿನೋರಿಗೆ ನಾನು ಹೇಳಿಕೊಡ್ಬೇಕಾ? ನಲ್ಲಿ ನೀರಂತೆ, ಬೀದಿ ದೀಪವಂತೆ, ಮೇಲೊಂದು ಮನೆಯಂತೆ! ಆಯಮ್ಮ ಏನು ಖಜಾನೆ ಇಟ್ಕೊಂಡಿದ್ದಾಳಾ?"

ಗಿರಾಕಿ ನಕ್ಕ. ನಾನು ಹಲ್ಲು ಕಚ್ಚಿಕೊಂಡು ಎದ್ದೆ.

"ಸಂಜೆ ಊಟಕ್ಕೆ ಬರ್ತೀನಿ, ಜಗದಾಗೆ ಹೇಳಿ," ಎಂದು ಹಿಂದಿನಿಂದ ಕೂಗಿದರು.

ಸೋಮವಾರ ಅವರಿಗೆ ಒಪ್ಪತ್ತು. ಹಗಲೆಲ್ಲ ಉಪವಾಸ, ದೀಪ ಹಚ್ಚಿದ ಮೇಲೆ ಒಂದು ಊಟ. ಆ ಊಟ ತಂಗಿಯ ಕೈಯದೇ ಆಗಬೇಕು. ಹೊಳಲೂರಿನಲ್ಲಿ ಹುಡುಗರಾಗಿದ್ದಾಗ ಅಮ್ಮ ಇಬ್ಬರನ್ನೂ ಒಲೆ ಮುಂದೆ ಕೂರಿಸಿ ಬಡಿಸುತ್ತಿದ್ದರಂತೆ. ಈಗಲೂ ನಮ್ಮ ಅಡಿಗೆಮನೆಗೆ ಬಂದು ಒಲೆ ಮುಂದೆ ಮಣೆ ಹಾಕಿಸಿಕೊಂಡೇ ಉಣ್ಣುತ್ತಾರೆ. ಊರಿನಲ್ಲಿ ಜೋರು ಮಾಡುವ ಆ ಮನುಷ್ಯ ಅಲ್ಲಿ ಇನ್ನೊಂದು ಸೌಟು ಸಾರಿಗೆ ತಂಗಿಯನ್ನು ಗೋಗರೆಯುವುದನ್ನು ನೋಡಬೇಕು. ಅದಕ್ಕೇ ನಾನು ಅವರ ಮೇಲೆ ಪೂರ್ತಿ ಸಿಟ್ಟು ಮಾಡಿಕೊಳ್ಳಲಾರೆ.

ಅಲ್ಲಿಂದ ಜಹಾನಾರಾಳ ಮನೆಗೆ ಹೋದೆ. ನಮ್ಮ ಮನೆಯ ಎದುರು ಸಾಲು. ಅವಳ ಗಂಡ ಹಯಾತ್ ಲಾರಿ ಮೆಕ್ಯಾನಿಕ್, ನನ್ನ ಜೀವದ ಗೆಳೆಯ. ಅವನು ತೀರಿಕೊಂಡ ಮೇಲೆ ಅವಳು ಹೊಲಿಗೆ ಮೆಷೀನು ತುಳಿದು ಮನೆ ನಡೆಸುತ್ತಿದ್ದಳು. ಕನ್ನಡ ಮಾತಾಡಲು ನಿಂತರೆ ನಮ್ಮನ್ನೆಲ್ಲ ಮೀರಿಸುತ್ತಾಳೆ, ಓದುವುದು ಬರೆಯುವುದು ಮಾತ್ರ ಉರ್ದು. ನನ್ನ ಹೆಂಡತಿಯನ್ನು ಅಕ್ಕ ಅನ್ನುತ್ತಾಳೆ, ಆ ಲೆಕ್ಕದಲ್ಲಿ ನಾನು ಭಾವ.

"ನಾನು ಹೇಳಿದ್ದು ಒಂದಕ್ಷರ ಮರೆತಿಲ್ಲ ಭಾವ, ಕೇಳಿ," ಎಂದು ಮೆಷೀನಿನ ಚಕ್ರಕ್ಕೆ ಕೈ ಅಡ್ಡ ಹಿಡಿದು ನಿಲ್ಲಿಸಿ, ಕಣ್ಣು ಮುಚ್ಚಿ ಪೂರಾ ಹೇಳಿಕೆ ಒಪ್ಪಿಸಿದಳು. ಕೊನೆಗೆ, "ನಲ್ಲಿ ನೀರು, ಬೀದಿ ದೀಪ ಇರುವ ಹೊಸಮನೆಯನ್ನು ನಿಮಗೆ ಕೊಡುತ್ತೇನೆ. ಅಷ್ಟೇ. ನಾನ್ಯಾಕೆ ಮನೆ ಕೊಡ್ಲಿ? ನಮ್ಮ ಮನೆ ಹೆಂಚೇ ಸೋರುತ್ತೆ!"

"ಕನ್ನಡದಲ್ಲಿ ಬರೆದುಕೊಟ್ಟವರು ಯಾರು?"

"ಅದೊಂದು ಕೇಳ್ಬೇಡಿ. ಮಾತು ಕೊಟ್ಟಿದ್ದೀನಿ."

"ಮಾತು ಉಳಿಸ್ಕೊಂಡು ಹೆಸರು ಕಳ್ಕೊಳ್ತೀಯಾ ಮಾರಾಯ್ತಿ?"

ಅವಳು ತಲೆ ತಗ್ಗಿಸಿದಳು. ಕಣ್ಣಲ್ಲಿ ನೀರಿತ್ತು. "ಹಯಾತ್ ಇದ್ದಾಗ ರೇಗಿಸ್ತಿದ್ರು. ನಲ್ಲಿ ಹತ್ರ ದಿನಾ ಜಗಳ ಆಡೋ ಬದಲು ಮುನಿಸಿಪಾಲಿಟಿಗೆ ಹೋಗಿ ಒಂದೇ ಸಲ ಆಡಿ ಬಾ ಅಂತ. ಅದಕ್ಕೇ ನಿಂತೆ ಭಾವ. ಈಗ ನೋಡಿ, ಲಂಚಕೋರಿ ಅನ್ನಿಸ್ಕೊಂಡೆ."

ಇಡೀ ಹೊಸಮನೆಗೆ ಆಗ ಮೂಲೆಯಲ್ಲಿ ಒಂದೇ ನಲ್ಲಿ. ಕೊಡಗಳ ಸಾಲು, ಜಗಳ, ನಗು, ಮದುವೆ ಸುದ್ದಿ ಎಲ್ಲಾ ಅಲ್ಲೇ. ಈಗ ಮನೆಮನೆಯಲ್ಲೂ ನಲ್ಲಿ ತಿರುವಿದರೆ ನೀರು. ಆದರೂ ಆ ಗದ್ದಲವೇ ಚೆನ್ನಾಗಿತ್ತು ಅನ್ನಿಸುತ್ತದೆ, ವಯಸ್ಸಾಯಿತಲ್ಲ.

ಎದುರು ಜಗಲಿಯಿಂದ ನನ್ನ ಹೆಂಡತಿಯ ದನಿ ಕೇಳುತ್ತಿತ್ತು. ಬೀದಿಯ ಹೆಂಗಸರನ್ನು ಕೂರಿಸಿಕೊಂಡು ಅಕ್ಷರ ಕಲಿಸುವುದು ಅವಳ ಹುಚ್ಚು. "ಪದಕ್ಕೂ ಪದಕ್ಕೂ ನಡುವೆ ಒಂದು ಉಸಿರು ಬಿಡ್ರೇ! ಹಿಂಗೆ ಒತ್ತಿದ್ರೆ ಅಕ್ಷರಗಳು ಉಸಿರುಕಟ್ಟಿ ಸಾಯ್ತವೆ!" ಎಂದು ಗದರುತ್ತಿದ್ದಳು. ಎಲ್ಲರೂ ಜಾಗ ಅಂದರೆ ಅವಳು ಉಸಿರು ಅನ್ನುತ್ತಾಳೆ. ಅದು ಅವಳೇ ಕಟ್ಟಿಕೊಂಡ ಮಾತು.

ಆ ಮಾತು ಕೇಳಿ ಜಹಾನಾರಾ ಕಣ್ಣೊರೆಸಿಕೊಂಡು ನಕ್ಕಳು. ನಾನು ಪೀರ್ ಬಾಷಾನ ಬಾಡಿಗೆ ಕಾರು ಹತ್ತಿ ಭದ್ರಾವತಿಗೆ ಬಂದೆ.

ಬೀರಪ್ಪ ಕಾಫಿ ತರಿಸಿದ. ನಾನು ಲೋಟ ಮುಟ್ಟಲಿಲ್ಲ. ಗೋಡೆಯ ಮೇಲೆ ಅದೇ ಪ್ರೆಸ್ಸಿನಲ್ಲಿ ಅಚ್ಚಾದ ಒಂದು ಕ್ಯಾಲೆಂಡರು. ಅದರ ಕೆಳಗೆ ದಪ್ಪಕ್ಷರದಲ್ಲಿ ಕೊಟ್ರಬಸಪ್ಪ ಜವಳಿ ಅಂಗಡಿ, ಗಾಂಧಿ ಬಜಾರ್. ಎಲ್ಲಿ ಹೋದರೂ ನನ್ನ ಭಾವನ ಹೆಸರೇ ಎದುರು ಬರಬೇಕೇ?

"ಅವಳ ಹೇಳಿಕೆಯ ಕೈಬರಹದ ಪ್ರತಿ ಎಲ್ಲಿ? ಕಚೇರಿಯವರು ಅದನ್ನೇ ನಿನಗೆ ಕಳಿಸಿದ್ದಾರೆ. ಅವರ ಹತ್ತಿರ ಬೇರೆ ಪ್ರತಿ ಇಲ್ಲ."

"ಸಿಗ್ತಾ ಇಲ್ಲ ಸ್ವಾಮಿ. ಮಸಿ ಒರೆಸಾಕೆ ಯಾರೋ ತಗಂಡಿರಬೇಕು."

"ಎಲ್ಲರದೂ ಸಿಗುತ್ತೆ, ಅವಳದೊಂದೇ ಮಸಿಗೆ ಹೋಯಿತು. ಇರಲಿ. ಬೀರಪ್ಪ, ಒಂದು ಜಾಗ ತಾನಾಗಿ ಬೀಳಬಹುದು, ಒಪ್ಪುತ್ತೇನೆ. ಒಂದು ಪದ ತಾನಾಗಿ ಎದ್ದು ಹೋಗುತ್ತದೆಯೇ?"

"ಯಾವ ಪದ?"

"ಬೀದಿ. ಅವಳು ಹೇಳಿದ್ದು ಬೀದಿ ದೀಪ. ನೀನು ಅಚ್ಚು ಹಾಕಿದ್ದು ಬರೀ ದೀಪ. ಬೀದಿ ದೀಪ ಅಂತ ಇದ್ದಿದ್ದರೆ ಓದಿದವರಿಗೆ ಇದು ಬಡಾವಣೆಯ ಮಾತು ಅಂತ ತಿಳಿಯುತ್ತಿತ್ತು. ಬೀದಿ ಹೋಯಿತು, ಆಗ ಅದು ಮನೆಯೊಳಗಿನ ದೀಪವಾಯಿತು."

ಬೀರಪ್ಪ ಟವೆಲ್ಲಿನಿಂದ ಕತ್ತು ಒರೆಸಿಕೊಂಡ.

"ಇನ್ನೂ ಕೇಳು. ಅವಳ ಹೇಳಿಕೆ ಸರಿಯಾಗಿ ನೂರು ಪದ. ಹೊಸಮನೆಯನ್ನು ಒಡೆದರೆ ಒಂದು ಪದ ಹೆಚ್ಚಾಗುತ್ತೆ, ಗುಮಾಸ್ತ ಎಣಿಸಿ ವಾಪಸ್ ಕಳಿಸುತ್ತಾನೆ. ಆದರೆ ಬೀದಿ ತೆಗೆದರೆ ಮತ್ತೆ ನೂರಕ್ಕೆ ನೂರು. ಒಂದು ಬಂತು, ಒಂದು ಹೋಯಿತು, ಗುಮಾಸ್ತ ಸೈ ಅಂದ. ಇದು ಮುರುಗೇಶನ ಕೈತಪ್ಪಲ್ಲ ಕಣಯ್ಯ. ನಿಯಮವನ್ನು ಕೂತು ಓದಿದವರ ಕೆಲಸ! ಕರಡು ನೋಡಲು ಯಾರು ಬಂದಿದ್ದರು?"

ದನಿ ಏರಿತು. ಒಳಗೆ ಮಷೀನು ನಿಂತಿತು.

"ನನ್ನ ಹೊಟ್ಟೆ ಮೇಲೆ ಹೊಡೀಬೇಡಿ ಸ್ವಾಮಿ..."

"ಯಾರು ಬಂದಿದ್ದರು?"

ಅವನು ಒಂದು ಸಲ ಗೋಡೆಯ ಕಡೆ ನೋಡಿದ. ಆಮೇಲೆ ನೆಲ ನೋಡುತ್ತಾ, "ಒಬ್ರು ಹೆಂಗಸು," ಎಂದ.

"ಯಾವ ಹೆಂಗಸು?"

"ಹೆಸರು ಹೇಳ್ಲಿಲ್ಲ. ಹೋದ ಸೋಮವಾರ ಬೆಳಿಗ್ಗೆ ರೈಲಿಗೆ ಬಂದಿದ್ರು. ಜಹಾನಾರಮ್ಮ ಕಳಿಸವ್ರೆ ಅಂದ್ರು. ಹಣೆ ಮೇಲೆ ವಿಭೂತಿ ಇತ್ತು, ಒಳ್ಳೇ ಮನೆತನದೋರ ಹಂಗೆ ಕಂಡ್ರು. ಕರಡು ಓದಿ, ಕೊನೇ ಸಾಲಿನ ಮೇಲೆ ಬೆರಳಿಟ್ಟು ಮುರುಗೇಶನಿಗೆ ಹೇಳಿದ್ರು." ಬೀರಪ್ಪನಿಗೆ ಆ ಹೆದರಿಕೆಯಲ್ಲೂ ನಗು ಬಂತು. "ಇಲ್ಲೊಂದು ಉಸಿರು ಬಿಡಪ್ಪಾ, ಅಂದ್ರು. ಸ್ಪೇಸು ಅನ್ನಲಿಲ್ಲ, ಉಸಿರು ಅಂದ್ರು! ಮುರುಗೇಶ ಪಾಪ ನಿಜವಾಗ್ಲೂ ಉಸ್ ಅಂತ ಉಸಿರು ಬಿಟ್ಟ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ವಿ."

ನನಗೆ ನಗು ಬರಲಿಲ್ಲ.

ಹೋದ ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ರೈಲಿಗೆ ಭದ್ರಾವತಿಗೆ ಹೋಗಿದ್ದಳು. ನೆಂಟರ ಮನೆಯಲ್ಲಿ ಸೀಮಂತ ಅಂದಿದ್ದಳು.

"ಬೇರೆ ಯಾರೂ ಬರಲಿಲ್ಲವೇ?" ಎಂದು ಹೇಗೋ ಕೇಳಿದೆ.

"ಇಲ್ಲ ಇಲ್ಲ, ಯಾರೂ ಇಲ್ಲ," ಎಂದ.

ನನ್ನ ಬುದ್ಧಿ ನೆಟ್ಟಗಿದ್ದಿದ್ದರೆ, ಆ 'ಇಲ್ಲ' ಎಷ್ಟು ಬೇಗ ಬಂತು ಎಂದು ಯೋಚಿಸುತ್ತಿದ್ದೆ. ಆಗ ನನಗೆ ಛತ್ರಿ ತೆಗೆದುಕೊಳ್ಳುವುದೂ ನೆನಪಾಗಲಿಲ್ಲ. ಪೀರ್ ಬಾಷಾನೇ ಹೋಗಿ ತಂದ.

ಕಾರಿನಲ್ಲಿ ಪೀರ್ ಬಾಷಾ ಮಾತು ನಿಲ್ಲಿಸುವವನಲ್ಲ.

"ಏನ್ ಸಾಹೇಬ್ರೆ, ಮುಖ ಹಿಂಗ್ ಮಾಡ್ಕೊಂಡಿದ್ದೀರಿ? ಕಳ್ಳ ಸಿಗ್ಲಿಲ್ವಾ?"

"ಸಿಕ್ಕ ಮಾರಾಯ. ಅದೇ ತೊಂದರೆ."

"ಸಿಕ್ಕಿದ್ರೆ ಖುಷಿ ಪಡ್ಬೇಕಪ್ಪ! ಹಯಾತ್ ಭಾಯ್ ಇದ್ದಿದ್ರೆ ಇವತ್ತು ಇಡೀ ಬೀದಿಗೆ ಚಹಾ ಕೊಡಿಸ್ತಿದ್ದ."

ನಿಜ. ಹಯಾತ್ ಕೊಡಿಸುತ್ತಿದ್ದ. ಅವನ ಮದುವೆಯಾಗಿ ಜಹಾನಾರಾ ಹೊಸಮನೆಗೆ ಬಂದ ದಿನ ನನಗೆ ಚೆನ್ನಾಗಿ ನೆನಪಿದೆ. ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಹೊಸ ಹುಡುಗಿ ಅಂಜಿಕೊಂಡು ನಿಂತಿದ್ದಳು, ಯಾರೂ ಸಾಲು ಬಿಡಲಿಲ್ಲ. ಜಗದಾಂಬಾ ತನ್ನ ಕೊಡವನ್ನು ತೆಗೆದು ಅವಳ ಕೊಡವನ್ನು ನಲ್ಲಿಯ ಕೆಳಗಿಟ್ಟಳು. ಅವತ್ತು ಶುರುವಾದ ಅಕ್ಕ-ತಂಗಿ ಸಂಬಂಧ. ಹಬ್ಬಕ್ಕೆ ನಮ್ಮ ಹೋಳಿಗೆ ಆ ಮನೆಗೆ, ಅವರ ಶೀರ್‌ಕುರ್ಮಾ ಈ ಮನೆಗೆ. ಹಯಾತ್ ಸತ್ತಾಗ ಜಹಾನಾರಾಳಿಗೆ ವಾರಗಟ್ಟಲೆ ಅನ್ನ ಕಲಸಿ ತಿನ್ನಿಸಿದ್ದು ನನ್ನ ಹೆಂಡತಿ. ಆ ಕೈ ಇಂಥ ಕೆಲಸ ಮಾಡೀತೇ?

ಒಂದು ಕಡೆ ಆ ತಂಗಿ. ಇನ್ನೊಂದು ಕಡೆ ಒಡಹುಟ್ಟಿದ ಅಣ್ಣ. ನಾಳೆ ನಾನು ಬಾಯಿ ಬಿಟ್ಟರೆ ಜಹಾನಾರಾ ಉಳಿಯುತ್ತಾಳೆ, ನನ್ನ ಹೆಂಡತಿ ಊರ ಬಾಯಿಗೆ ಬೀಳುತ್ತಾಳೆ. ಬಾಯಿ ಮುಚ್ಚಿದರೆ ಸತ್ತ ಗೆಳೆಯನ ಹೆಂಡತಿಗೆ ಮೋಸ. ತುಂಗೆಯ ಮೇಲೆ ಹೊತ್ತು ಇಳಿಯುತ್ತಿತ್ತು. ಅಷ್ಟು ಚೆಂದದ ಸಂಜೆಯನ್ನು ಅಷ್ಟು ಕೆಟ್ಟ ಮನಸ್ಸಿನಿಂದ ನಾನು ಇನ್ನೊಂದು ಸಲ ನೋಡಿಲ್ಲ.

ಮನೆಗೆ ಬಂದಾಗ ಜಹಾನಾರಾ ನಮ್ಮ ಜಗಲಿಯ ಮೇಲೇ ಕೂತಿದ್ದಳು. ಕೈಯಲ್ಲಿ ಸ್ಲೇಟು.

"ಭಾವ, ನೋಡಿ, ಅಕ್ಕ ನನ್ನ ಹೆಸರು ಬರೆಯೋದು ಕಲಿಸಿದ್ರು. ನಾಳೆ ಆಫೀಸಿನಲ್ಲಿ ಕನ್ನಡದಲ್ಲೇ ಸಹಿ ಹಾಕ್ತೀನಿ!" ಎಂದು ಸ್ಲೇಟು ತೋರಿಸಿದಳು. ಆಮೇಲೆ ಮೆಲ್ಲಗೆ, "ಏನಾದ್ರೂ ಸಿಕ್ತಾ?"

ನಾನು ಸೀದಾ ಅಡಿಗೆಮನೆಗೆ ಹೋದೆ. ಜಗದಾಂಬಾ ದೀಪ ಹಚ್ಚಿ, ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು.

"ಜಗದಾ, ಹೋದ ಸೋಮವಾರದ ಸೀಮಂತ ಹೇಗಾಯ್ತು?"

ಅವಳು ಸೌಟು ಕೆಳಗಿಟ್ಟಳು. ಸುಳ್ಳು ಹೇಳಲು ಅವಳಿಗೆ ಬರುವುದಿಲ್ಲ, ಆ ಒಂದು ಸೀಮಂತದ ಸುಳ್ಳೇ ಅವಳ ಜೀವಮಾನದ್ದು.

"ಪ್ರೆಸ್ಸಿಗೆ ಹೋಗಿದ್ರಾ?" ಎಂದಳು. "ಹೌದು ರೀ, ಜಹಾನಾರಾಗೆ ಬರೆದುಕೊಟ್ಟಿದ್ದು ನಾನೇ. ಅಣ್ಣನ ಎದುರು ನಿಂತವಳಿಗೆ ಬರೆದುಕೊಟ್ಟೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಅದಕ್ಕೇ ನನ್ನ ಹೆಸರು ಹೇಳ್ಬೇಡ ಅಂದಿದ್ದೆ. ಕರಡು ನೋಡೋಕೂ ನಾನೇ ಹೋದೆ."

"ಹೋಗಿ ಹೊಸಮನೆಯನ್ನು ಒಡೆಸಿ ಬಂದೆ!"

"ಏನಂದ್ರಿ? ನಾನಾ? ಕರಡಿನಲ್ಲಿ ಇರುವಹೊಸಮನೆಯನ್ನು ಅಂತ ಎಲ್ಲಾ ಒಟ್ಟಿಗೆ ಸೇರ್ಕೊಂಡಿತ್ತು. 'ಇರುವ' ಆದ್ಮೇಲೆ ಒಂದು ಉಸಿರು ಬಿಡಪ್ಪಾ ಅಂದೆ. ನಾನು ಒಂದು ಕೇಳಿದೆ, ಆ ತಮಿಳಿನವನು 'ಮನೆ'ಗೆ ಮುಂಚೆಯೂ ಒಂದು ಅಂತ ಎರಡು ಬಿಟ್ಟಿದ್ದಾನೆ. ತಿದ್ದಿದ ಹಾಳೆ ಕೊಟ್ರು, ರೈಲಿಗೆ ಹೊತ್ತಾಗಿತ್ತು, ನೋಡದೆ ತಂದುಬಿಟ್ಟೆ. ಅದು ನನ್ನ ತಪ್ಪೇ, ಎಲ್ಲಿ ಬೇಕಾದ್ರೂ ಹೇಳ್ತೀನಿ."

"ಮತ್ತೆ ಬೀದಿ?"

"ಬೀದಿ ಇತ್ತು! ನಾನೇ ಓದಿದ್ದೀನಿ, ಬೀದಿ ದೀಪ ಅಂತ ಇತ್ತು. ಆ ಉಸಿರು ನಂದು ರೀ. ಬೀದಿ ನಂದಲ್ಲ."

ಅವಳ ಕಣ್ಣು ನೋಡಿದೆ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಹಾಗಾದರೆ ಪದ ಒಡೆದದ್ದನ್ನು ಯಾರೋ ಆಮೇಲೆ ನೋಡಿದ್ದಾರೆ. ನೋಡಿ, ಸರಿಯಾಗಿ ಅದಕ್ಕೆ ತಕ್ಕಂತೆ ಬೀದಿಯನ್ನು ತೆಗೆಸಿದ್ದಾರೆ.

"ಆ ಹಾಳೆ ಎಲ್ಲಿಟ್ಟಿದ್ದೆ?"

"ಇಲ್ಲೇ, ರವೆ ಡಬ್ಬಿ ಕೆಳಗೆ. ಮಾರನೇ ದಿನ ನೋಡಿದ್ರೆ ಇರಲಿಲ್ಲ. ನೀವು ಎತ್ತಿಟ್ಟಿರಬೇಕು ಅಂತ ಹೆದರಿ ಸುಮ್ಮನಾದೆ."

"ನಾನು ಮುಟ್ಟಿಲ್ಲ. ಹೋದ ಸೋಮವಾರ ಸಂಜೆ ಈ ಅಡಿಗೆಮನೆಗೆ ಬಂದವರು ಯಾರು ಜಗದಾ?"

ನಿಧಾನವಾಗಿ ಅವಳ ಕಣ್ಣು ಒಲೆಯ ಮುಂದೆ ಗೋಡೆಗೆ ಒರಗಿಸಿಟ್ಟ ಮಣೆಯ ಮೇಲೆ ಹೋಯಿತು.

ಆಗ ನನಗೆ ಬೆಳಗಿನ ಅಂಗಡಿಯ ಮಾತು ಕಿವಿಯಲ್ಲಿ ಕೇಳಿದಂತಾಯಿತು. ನಲ್ಲಿ ನೀರಂತೆ, ಬೀದಿ ದೀಪವಂತೆ! ಕೈಪಿಡಿಯಲ್ಲಿ ಬೀದಿ ಎಂಬ ಪದವೇ ಇಲ್ಲ. ಅದು ಇದ್ದದ್ದು ಜಹಾನಾರಾಳ ಬಾಯಲ್ಲಿ, ಕಳೆದುಹೋದ ಕೈಬರಹದಲ್ಲಿ ಮತ್ತು ಈ ರವೆ ಡಬ್ಬಿಯ ಕೆಳಗಿದ್ದ ಹಾಳೆಯಲ್ಲಿ. ಅದನ್ನು ನೋಡದ ಮನುಷ್ಯನ ನಾಲಗೆಗೆ ಆ ಪದ ಎಲ್ಲಿಂದ ಬರಬೇಕು? ಬೀರಪ್ಪ ಮಾತಿಗೆ ಮುಂಚೆ ಗೋಡೆಯ ಕ್ಯಾಲೆಂಡರಿನ ಕಡೆ ಯಾಕೆ ನೋಡಿದ ಎಂಬುದೂ ಈಗ ತಿಳಿಯಿತು.

"ಬೀದಿ ಇತ್ತು ಅಂತ ಕಣ್ಣಾರೆ ಕಂಡವಳು ನೀನೊಬ್ಬಳೇ," ಎಂದೆ. "ನಾಳೆ ನೀನು ಬಂದು ಹೇಳಿದರೆ ಮಾತ್ರ ಅವಳು ಉಳೀತಾಳೆ. ಆದರೆ ಹೇಳಬೇಕಾದ್ದು ನಿಮ್ಮಣ್ಣನ ಎದುರಿಗೆ."

ಜಗದಾಂಬಾ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಅಲುಗುತ್ತಿತ್ತು. ಒಗ್ಗರಣೆ ಸೀದ ವಾಸನೆ ಬಂತು.

ಹೊರಗೆ ಗೇಟು ಕಿರ್ ಎಂದಿತು.

"ಜಗದಾ! ಮಣೆ ಹಾಕಮ್ಮ, ಹೊಟ್ಟೆ ಚುರ್ ಅಂತಿದೆ," ಎಂದು ಕೊಟ್ರಬಸಪ್ಪನವರ ದನಿ. ಆಮೇಲೆ ಅದೇ ದನಿ ಜಗಲಿಯ ಮೇಲೆ ತಡವರಿಸಿತು. "ಓಹೋ... ಜಹಾನಾರಮ್ಮನೂ ಇಲ್ಲೇ ಇದ್ದೀರಾ?"

ನನ್ನ ಹೆಂಡತಿ ಮುಖ ಒರೆಸಿಕೊಂಡಳು. ಗೋಡೆಗೊರಗಿದ್ದ ಮಣೆಯನ್ನು ತಂದು ಒಲೆಯ ಮುಂದೆ ಹಾಕಿದಳು. ಒಳಗೆ ಹೋಗಿ ಇನ್ನೊಂದು ಮಣೆ ತಂದು ಅದರ ಎದುರಿಗೇ ಹಾಕಿದಳು. ಅಣ್ಣನನ್ನು ಬಿಟ್ಟರೆ ನಮ್ಮ ಮನೆಯಲ್ಲಿ ಯಾರಿಗೂ ಅಲ್ಲಿ ಮಣೆ ಹಾಕಿದ್ದಿಲ್ಲ.

"ಬಾ ಅಣ್ಣ," ಎಂದು ಬಾಗಿಲ ಕಡೆ ತಿರುಗಿ ಕರೆದಳು. "ಜಹಾನಾರಾ, ನೀನೂ ಒಳಗೆ ಬಾರಮ್ಮ. ಸ್ಲೇಟು ತಗೊಂಡು ಬಾ. ಇವತ್ತು ಅಣ್ಣ ನಿನಗೆ ಒಂದು ಪದ ಬರೆದು ತೋರಿಸ್ತಾನೆ."